ದುರ್ಬೀನಿನಲ್ಲಿ ಮಗುಚಿದ ಊರು

ಸರ್ವೆ ಕೆಲಸದಲ್ಲಿ ನೆಲ ಅಳೆಯೋದು ಕಮ್ಮಿ, ಜನರಿಗೆ ಸಮಾಧಾನ ಹೇಳೋದೇ ಜಾಸ್ತಿ. ಮಹಾರಾಜರ ಕಾಲದಲ್ಲಿ ನಮಗೆ ಕೊಟ್ಟಿದ್ದ ದುರ್ಬೀನು ದೂರದ್ದನ್ನೆಲ್ಲ ಕಣ್ಣೆದುರಿಗೆ ತರುತ್ತಿತ್ತು, ನಿಜ. ಆದರೆ ಗಾಜಿನ ಗುಣ, ಎಲ್ಲವನ್ನೂ ತಲೆಕೆಳಗಾಗಿ ತೋರಿಸುತ್ತಿತ್ತು. ನಮಗದು ರೂಢಿ. ಊರವರಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತಿತ್ತು.

ಬಡವನಹಳ್ಳಿ ಹತ್ತಿರದ ಒಂದು ಊರಲ್ಲಿ ಬಿಡಾರ ಹೂಡಿದ್ದಾಗ ಒಬ್ಬ ಅಜ್ಜಿ ನಮಗೆ ದಿನಾ ಮಜ್ಜಿಗೆ ಕೊಡುತ್ತಿದ್ದಳು. ಅವಳ ಮಗಳನ್ನು ಹಳ್ಳದಾಚೆ ಗುಡ್ಡದ ಬುಡದ ಹಟ್ಟಿಗೆ ಕೊಟ್ಟಿತ್ತು. ಮದುವೆಯಲ್ಲಿ ಬೀಗರನ್ನು ಆಡಿಕೊಂಡು ಹಾಡೋದು ಪದ್ಧತಿ ತಾನೆ? ಅಜ್ಜಿ ಬೀಗಿತ್ತಿಯ ಉದ್ದ ಮೂಗಿನ ಮೇಲೆ ಒಂದು ನುಡಿ ಹೆಚ್ಚಾಗಿಯೇ ಹಾಡಿಬಿಟ್ಟಿದ್ದಳು. ಅವತ್ತಿನಿಂದ ಹೋಗಿಬರೋದು ನಿಂತಿತ್ತು. ಈಗ ಮಗಳು ಹಾಸಿಗೆ ಹಿಡಿದಿದ್ದಾಳೆ ಅಂತ ಯಾರೋ ಸುದ್ದಿ ತಂದು, ಮುದುಕಿಗೆ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ನಿನ್ನ ಕೊಳವೇಲಿ ಒಂದ್ಸಲ ನೋಡ್ತೀನಿ ಅಂತ ದಿನಾ ಕೇಳೋಳು. ಸರ್ಕಾರದ ಸಾಮಾನು, ಮುಟ್ಟಕೂಡದು ಅಂತ ನಾನು ದೊಡ್ಡ ಮನುಷ್ಯನ ಹಾಗೆ ಬೀಗುತ್ತಿದ್ದೆ.

ಪಟೇಲರ ಮಜ್ಜಿಗೆ

ಊರ ಪಟೇಲರೇ ನೋಡ್ತೀನಿ ಅಂದರೆ ಇಲ್ಲ ಅನ್ನೋಕಾಗುತ್ತದೆಯೇ? ಅವರು ದುರ್ಬೀನಿಗೆ ಕಣ್ಣಿಟ್ಟರು. ತಮ್ಮ ಮನೆ, ಹುಣಸೆಮರ, ಕಟ್ಟಿದ್ದ ಎಮ್ಮೆ ಎಲ್ಲ ಮೇಲಿಂದ ನೇತಾಡುತ್ತಿದ್ದವು. ಪಂಚೆ ಎತ್ತಿ ಕಟ್ಟಿ ಮನೆ ಕಡೆ ಓಡಿದರು. ಸ್ವಲ್ಪ ಹೊತ್ತಿಗೆ ಬೆವರೊರೆಸಿಕೊಳ್ಳುತ್ತಾ ವಾಪಸು ಬಂದರು.

"ಗಡಿಗೇಲಿದ್ದ ಮಜ್ಜಿಗೆ ಒಂದ್ತೊಟ್ಟೂ ಚೆಲ್ಲಿಲ್ಲ ಸ್ವಾಮಿ. ಬಲು ನಯವಾಗಿ ಮಗುಚಿದೀರಿ" ಅಂದರು.

ನೀರುಗಂಟಿಯ ಕೆರೆ

ಮಾರನೇ ದಿನ ಕೆರೆ ನೀರು ನೋಡಿಕೊಳ್ಳುವ ನೀರುಗಂಟಿ ಅಡ್ಡ ಬಂದ. ಬಹಳ ವರ್ಷದ ಮೇಲೆ ಕೋಡಿ ಬಿದ್ದ ಕೆರೆ, ಅದರ ಕಡೆ ಮಾತ್ರ ತಿರುಗಿಸಬೇಡಿ ಅಂತ ಕೈಮುಗಿದ. ನಾನು ಗಾಜು, ಬೆಳಕು, ಕಿರಣ ಅಂತ ಅರ್ಧ ಗಂಟೆ ಪಾಠ ಮಾಡಿದೆ. ಅವನು ಎಲ್ಲಕ್ಕೂ ತಲೆಯಾಡಿಸಿದ.

"ನೀವು ಓದಿದೋರು, ನೋಡಿ ಸ್ವಾಮಿ. ಆದ್ರೂ ಬಿರ್ರನೆ ನೋಡ್ಬುಡಿ. ನೀರು ಬೀಳಾಕೂ ಒಸಿ ಹೊತ್ತು ಬೇಕಲ್ವಾ?"

ನಗುತ್ತಲೇ ಕಣ್ಣಿಟ್ಟೆ. ಕೆರೆ ಮೇಲಿತ್ತು, ಆಕಾಶ ಕೆಳಗಿತ್ತು, ನಡುವೆ ಕೊಕ್ಕರೆಗಳು ಅಂಗಾತ ತೇಲಿಕೊಂಡು ಹೋಗುತ್ತಿದ್ದವು. ಯಾವುದು ನೀರು, ಯಾವುದು ಮುಗಿಲು ಅನ್ನೋದೇ ಮರೆತು ಹಾಗೇ ಮೈಮರೆತು ನಿಂತೆ. ಆಮೇಲೆ ನೋಡಿಕೊಂಡರೆ, ಒಂದು ಕೈಯಲ್ಲಿ ಕೊಡೆ ಬಿಚ್ಚಿ ಹಿಡಿದಿದ್ದೆ.

ಅಜ್ಜಿಯ ಬೀಗಿತ್ತಿ

ಕೊಡೆ ಹಿಡಿದವನಿಗೆ ಇನ್ನೆಲ್ಲಿಯ ಬಿಗುಮಾನ? ಬಿಡಾರ ಕೀಳುವ ದಿನ ಅಜ್ಜಿಯನ್ನು ನಾನೇ ಕರೆದು, ಹಟ್ಟಿಯ ಕಡೆ ದುರ್ಬೀನು ತಿರುಗಿಸಿ ಕೊಟ್ಟೆ. ತಲೆಕೆಳಗಾಗಿ ಕಾಣುತ್ತದೆ ಅಂತ ಹೇಳೋದನ್ನೇ ಮರೆತೆ.

ಅಜ್ಜಿ ನೋಡಿದವಳೇ ಕುಸಿದು ಕೂತಳು. "ನನ್ ಮಗಳ ಬಾಳು ತಲೆಕೆಳಗಾಗೋಯ್ತಲ್ಲಪ್ಪ" ಅಂತ ಅಳತೊಡಗಿದಳು. ನಾನು ಗಾಜು, ಕಿರಣ ಅಂತ ಮತ್ತೆ ಶುರು ಮಾಡಿದೆ. ಅವಳು ಕಣ್ಣೊರೆಸಿಕೊಂಡು ನಮ್ಮ ಸಾಮಾನಿನ ಗಾಡಿಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅದು ತಲೆಕೆಳಗಾದ್ರೆ ನಾವೂ ಆದ್ರಾಯ್ತು. ಹತ್ಸು ನನ್ನ."

ಗಾಡಿಯಲ್ಲಿ ಅಂಗಾತ ಮಲಗಿ ಹಿಂದುಗಡೆಯಿಂದ ತಲೆ ಇಳಿಬಿಟ್ಟಳು. ಅವಳ ಕಣ್ಣಿನ ಮಟ್ಟಕ್ಕೆ ದುರ್ಬೀನು ಇಟ್ಟೆ. ಇಷ್ಟು ವರ್ಷ ಅದರ ಜೊತೆ ಅಲೆದ ನನಗೆ ಈ ಉಪಾಯ ಹೊಳೆದೇ ಇರಲಿಲ್ಲ.

"ನೆಟ್ಟಗವ್ಳೆ ಕಣಪ್ಪ," ಅಂದಳು. "ಮೊರ ಹಿಡ್ಕೊಂಡು ರಾಗಿ ಕೇರ್ತಾವ್ಳೆ. ಕಾಯಿಲೆ ಕಸಾಲೆ ಏನೂ ಇಲ್ಲ. ಮೈಕೈ ತುಂಬ್ಕೊಂಡವ್ಳೆ."

ಕಣ್ಣೀರು ಹಣೆ ಮೇಲೆ ಹರಿದು ಕೂದಲೊಳಕ್ಕೆ ಇಳಿಯುತ್ತಿತ್ತು. ನಾನೂ ಆ ಕಡೆ ತಿರುಗಿ ಮೂಗೊರೆಸಿಕೊಂಡೆ. ಅಷ್ಟರಲ್ಲಿ ಅಜ್ಜಿ ಗಾಡಿಯ ಹಲಗೆಯನ್ನು ಪಟಪಟ ಬಡಿದಳು.

ಏನಾಯಿತಮ್ಮಾ ಅಂತ ಕೇಳಿದೆ.

"ಮೂಗು ಆಚೆಗೆ ಬಂತು. ಹಿಂದೇನೇ ಬೀಗಿತ್ತಿ ಬಂದ್ಲು. ಎಬ್ಸಪ್ಪ ನನ್ನ, ಇವಳ್ನ ತಲೆಕೆಳಗಾಗೇ ನೋಡ್ಬೇಕು."