ಜರ್ಮನಿ ಹುಡುಗಿಯ ಕಾರವಾರ ಸೆಮಿಸ್ಟರ್

ಮನೆಯಲ್ಲಿ ಹೊಸಬರೊಬ್ಬರು ಇದ್ದರೆ ನಗುವುದಕ್ಕೆ ಕಾರಣ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ದಿನಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ.

ನಾನು ಕಾರವಾರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ಗಂಡನಿಗೆ ಮಲ್ಲಾಪುರದಲ್ಲಿ ಕೆಲಸ, ವಾರವಿಡೀ ಅಲ್ಲಿನ ಕ್ವಾರ್ಟರ್ಸ್‌ನಲ್ಲೇ ವಾಸ. ಇಲ್ಲಿ ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಕಳೆದ ಜನವರಿಯಲ್ಲಿ ಪರಿಚಯದ ಪ್ರಾಧ್ಯಾಪಕರೊಬ್ಬರು ಫೋನು ಮಾಡಿದರು. "ಜರ್ಮನಿಯಿಂದ ಒಬ್ಬ ವಿದ್ಯಾರ್ಥಿನಿ ಬರ್ತಿದ್ದಾಳೆ. ಕಡಲದಂಡೆಯ ಏಡಿ, ಚಿಪ್ಪಿನ ಬಗ್ಗೆ ಅಭ್ಯಾಸ ಮಾಡ್ತಾಳಂತೆ. ಒಂದು ಸೆಮಿಸ್ಟರ್ ನಿಮ್ಮಲ್ಲಿ ಇಟ್ಕೊಳ್ತೀರಾ?" ನಾನು ಹ್ಞೂಂ ಅಂದುಬಿಟ್ಟೆ. ಕೇಳದೆ ಒಪ್ಪಿಕೊಂಡೆ ಅಂತ ಅತ್ತೆ ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟರು. ಅತ್ತೆಯ ಮಾತು ಕೊಂಕಣಿ. ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಬ್ರೆಡ್ಡು

ಅವರ ಕಡೆಯವರಿಗೆ ಬ್ರೆಡ್ಡು ಬೇಕು ಅಂತ ಯಾರೋ ಹೇಳಿದ್ದರು. ನಾನು ಪೇಟೆಗೆ ಹೋಗಿ ನಾಲ್ಕು ಪೌಂಡು ಬ್ರೆಡ್ಡು, ಎರಡು ಬಾಟಲಿ ಜಾಮು ತಂದಿಟ್ಟೆ. ಹುಡುಗಿ ಬಂದಳು. ಎತ್ತರದವಳು, ಮೆಲುಮಾತಿನವಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವಳ ಮುಂದೆ ಬ್ರೆಡ್ಡು ಇಟ್ಟೆವು. ನಾವಿಬ್ಬರೂ ಒಳಗೆ ಕೂತು, ಅವಳಿಗೆ ವಾಸನೆ ತೊಂದರೆಯಾದೀತೆಂದು ಬಾಗಿಲು ಹಾಕಿಕೊಂಡು, ಬಂಗುಡೆ ಸಾರು ಅನ್ನ ಉಂಡೆವು.

ಐದನೆಯ ದಿನ ಅವಳು ಅಡುಗೆಮನೆಯ ಬಾಗಿಲು ತಟ್ಟಿದಳು. ಕಣ್ಣಲ್ಲಿ ನೀರು, ಮಾತು ಇಂಗ್ಲಿಷಿನಲ್ಲಿ. "ನಾನು ಏನು ತಪ್ಪು ಮಾಡಿದೆ? ನೀವು ತಿನ್ನೋದನ್ನ ನನಗೆ ಯಾಕೆ ಕೊಡೋದಿಲ್ಲ? ನಮ್ಮಲ್ಲಿ ಈ ಥರದ ಬ್ರೆಡ್ಡನ್ನ ಹೊಟ್ಟೆ ಕೆಟ್ಟವರಿಗೆ ಕೊಡ್ತಾರೆ."

ನಾನು ಅದನ್ನು ಅತ್ತೆಗೆ ಹೇಳಿದೆ. ಅತ್ತೆ ತಟ್ಟೆ ಇಟ್ಟು ಅನ್ನ ಬಡಿಸುತ್ತ ನನಗೇ ಬೈದರು. "ನಾನೂ ಹಾಗೇ ಎಣಿಸಿದ್ದೆ ಮಾರಾಯ್ತಿ. ದಿನಾ ಬ್ರೆಡ್ಡು ತಿಂತಾಳೆ, ಪಾಪ, ಎಂತ ಕಾಯಿಲೆಯೋ ಏನೋ ಅಂತ ನಿನ್ನ ಹತ್ತಿರ ಕೇಳೋದಕ್ಕೂ ಹೆದರಿಕೊಂಡಿದ್ದೆ!"

ವಿಭಕ್ತಿ ಪ್ರತ್ಯಯ

ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ಕನ್ನಡ. ಹುಡುಗಿ ಅವೆರಡೂ ಒಂದೇ ಭಾಷೆ ಅಂದುಕೊಂಡು ಎಲ್ಲವನ್ನೂ ಒಟ್ಟಿಗೆ ಕಲಿತಳು. ಒಂದು ದಿನ ನನ್ನೆದುರೇ ಅಂಗಡಿಯವನಿಗೆ, "ಮಾಕಾ ದೋನ್ ಬಾಳೆಹಣ್ಣು ಕೊಡ್ರಿ" ಅಂದಳು. ಅಂಗಡಿಯವನು ಏನೂ ಆಗದವನಂತೆ ಕೊಟ್ಟ. ಕಾರವಾರದಲ್ಲಿ ಅರ್ಧ ಜನ ಮಾತಾಡುವುದು ಹಾಗೆಯೇ. ಆದರೆ ಕನ್ನಡ ಟೀಚರ್ ಮನೆಯ ಹುಡುಗಿ ಹೀಗೆ ಮಾತಾಡಿದರೆ ನನ್ನ ಮರ್ಯಾದೆ ಏನಾಗಬೇಕು? ಅವತ್ತಿನಿಂದಲೇ ಎದುರಿಗೆ ಕೂರಿಸಿಕೊಂಡು ಪ್ರಥಮಾ, ದ್ವಿತೀಯಾ ಅಂತ ಪಾಠ ಶುರುಮಾಡಿದೆ. ಹುಡುಗಿ ಜಾಣೆ. ಹದಿನೈದು ದಿನದಲ್ಲಿ ಕಲಿತುಬಿಟ್ಟಳು.

ಮುಂದಿನ ವಾರ ಅದೇ ಅಂಗಡಿಯವನು ನನ್ನನ್ನು ದಾರಿಯಲ್ಲಿ ನಿಲ್ಲಿಸಿದ. ಮುಖ ಸಪ್ಪಗಿತ್ತು. "ಅಕ್ಕೋರೇ, ಆ ನಿಮ್ಮ ಹುಡುಗಿಗೆ ಹುಷಾರಿಲ್ವಾ?"

"ಯಾಕೋ?"

"ನಿನ್ನೆ ಬಂದು, 'ಮಾನ್ಯರೇ, ನನಗೆ ಎರಡು ಬಾಳೆಹಣ್ಣುಗಳನ್ನು ದಯವಿಟ್ಟು ಕೊಡಿರಿ' ಅಂದ್ಲು. ಮೊನ್ನೆವರೆಗೆ ಎಷ್ಟು ಚಂದ ಕನ್ನಡ ಮಾತಾಡ್ತಿದ್ಲು!"

ಒಳಗೆ ನಡೀರಿ

ನನ್ನ ಪಾಠಕ್ಕಿಂತ ಅವಳಿಗೆ ಬಸ್ ಕಂಡಕ್ಟರನ ಪಾಠವೇ ಹೆಚ್ಚು ಹತ್ತಿತ್ತು. ಮಾರ್ಚಿನಲ್ಲಿ ಅವಳು ಅಭ್ಯಾಸ ಮಾಡುತ್ತಿದ್ದ ಕಡಲಜೀವಿ ವಿಭಾಗದಲ್ಲಿ ಒಂದು ಸೆಮಿನಾರು ಇತ್ತು, ನಾನೂ ಹೋಗಿದ್ದೆ. ವಿದೇಶದ ಹುಡುಗಿ ಮಾತಾಡುತ್ತಾಳೆ ಅಂತ ಬೇರೆ ವಿಭಾಗದವರೂ ಬಂದು ಬಾಗಿಲಲ್ಲಿ ಗುಂಪುಗಟ್ಟಿದ್ದರು. ಗುಂಪಿನ ಮುಂದೆಯೇ ವಿಭಾಗದ ಮುಖ್ಯಸ್ಥರು. ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಹುಡುಗಿ ಹೇಗೋ ವೇದಿಕೆ ಹತ್ತಿದಳು, ಬಾಗಿಲ ಕಡೆ ನೋಡಿದಳು, ದನಿ ಏರಿಸಿದಳು:

"ಒಳಗೆ ನಡೀರಿ, ಒಳಗೆ ನಡೀರಿ! ಬಾಗಿಲಲ್ಲಿ ನಿಲ್ಬೇಡ್ರಿ! ಹಿಂದೆ ಎಲ್ಲಾ ಖಾಲಿ ಅದೆ!"

ಯಾರೂ ನಗಲಿಲ್ಲ. ನಗುವುದಕ್ಕೆ ಮೊದಲೇ ಎಲ್ಲರೂ ಸರಸರ ಒಳಗೆ ಹೋಗಿ ಆಗಿತ್ತು. ಮುಖ್ಯಸ್ಥರು ಬ್ಯಾಗು ಎದೆಗೆ ಅವುಚಿಕೊಂಡು ಕೊನೆಯ ಸಾಲಿನವರೆಗೆ ಹೋಗಿ, ಅಲ್ಲಿ ಕುರ್ಚಿ ಖಾಲಿಯಿದ್ದರೂ ನಿಂತೇ ಇದ್ದರು.

ನಂಬರ್ ಹಾಕಿದ ತಿಸರೆ

ನಮ್ಮ ಅತ್ತೆಯ ಮನೆ ಮೊದಲು ಚೆಂಡಿಯಾದಲ್ಲಿತ್ತು. ಜಾಗ ನೌಕಾನೆಲೆಗೆ ಹೋದ ಮೇಲೆ ನಾವು ಈ ಪುನರ್ವಸತಿ ಕಾಲೊನಿಗೆ ಬಂದೆವು. ಆಮೇಲೆ ಅತ್ತೆ ಯಾವ ಕಡಲದಂಡೆಗೂ ಕಾಲಿಡಲಿಲ್ಲ. ಕರೆದರೆ, "ನನ್ನ ಕಡಲು ಅಲ್ಲೇ ಉಳೀತು" ಅನ್ನುತ್ತಿದ್ದರು. ಹುಡುಗಿ ಅವರನ್ನು 'ಆಯಿ', ಅಂದರೆ ಅಮ್ಮ, ಅನ್ನುತ್ತಿದ್ದಳು. ಅವಳು ಎರಡು ಸಲ ಕರೆದಳು, ಅವಳಿಗೂ ಅದೇ ಉತ್ತರ.

ಒಂದು ಸಂಜೆ ಅವಳು ಚೀಲದ ತುಂಬ ಖಾಲಿ ಚಿಪ್ಪು ತಂದು ಅಂಗಳದಲ್ಲಿ ಹರಡಿದಳು. ಅತ್ತೆಗೆ ತಡೆಯಲಾಗಲಿಲ್ಲ. "ಸತ್ತ ಚಿಪ್ಪು ಹೆಕ್ಕೋದಕ್ಕೆ ಜರ್ಮನಿಯಿಂದ ಬರಬೇಕಾಗಿತ್ತಾ? ಜೀವ ಇದ್ದದ್ದು ಎಲ್ಲಿ ಸಿಗ್ತದೆ ಅಂತ ನಿನ್ನ ಮಾಸ್ತರರಿಗೆ ಗೊತ್ತಿಲ್ವಾ?"

ಮರುದಿನ ಇಳಿತದ ಹೊತ್ತಿಗೆ ಅತ್ತೆ ಸೀರೆ ಎತ್ತಿಕಟ್ಟಿ ಹೊಳೆಬಾಯಿಯ ಮರಳಿನಲ್ಲಿ ನಿಂತಿದ್ದರು. ಪಾದದಿಂದಲೇ ತಡವಿ, ಮರಳು ಕೆದರಿ, ತಿಸರೆ ಅನ್ನುವ ಜೀವಂತ ಚಿಪ್ಪು ಎತ್ತಿ ಎತ್ತಿ ಕೊಟ್ಟರು. ಅಷ್ಟು ನಗುವ ಅತ್ತೆಯನ್ನು ನಾನು ಕಾಲೊನಿಗೆ ಬಂದ ಮೇಲೆ ನೋಡಿರಲಿಲ್ಲ. ಹುಡುಗಿ ನಾಲ್ಕು ಕಡೆಯ ತಿಸರೆಯನ್ನು ನಾಲ್ಕು ಚೀಲಕ್ಕೆ ತುಂಬಿ, ನಂಬರ್ ಬರೆದು, ಮನೆಗೆ ತಂದಿಟ್ಟು ಸ್ನಾನಕ್ಕೆ ಹೋದಳು.

ಹೊರಗೆ ಬರುವಷ್ಟರಲ್ಲಿ ನಾಲ್ಕೂ ಚೀಲದ ತಿಸರೆ ಒಂದೇ ಬಾಣಲೆಯಲ್ಲಿ, ತೆಂಗಿನಕಾಯಿ ಮಸಾಲೆಯೊಳಗೆ ಕುದಿಯುತ್ತಿತ್ತು.

"ಆಯೀ! ನಂಬರ್ ಇತ್ತಲ್ಲ!"

"ಕಂಡೆ ಮಗಾ. ಒಂದನೇ ನಂಬರಿನದ್ರಲ್ಲಿ ಮರಳು ಜಾಸ್ತಿ, ಎರಡು ಸಲ ತೊಳೆದೆ."

ಹುಡುಗಿ ಬಾಣಲೆಯೊಳಗೆ ಇಣುಕಿದಳು. ಆಮೇಲೆ ನೋಟ್‌ಬುಕ್ ತೆಗೆದು ಬರೆದುಕೊಂಡಳು: 'ಒಂದನೇ ಜಾಗ. ಮರಳು ಜಾಸ್ತಿ.' ಅವತ್ತಿನ ಸಂಶೋಧನೆಯಲ್ಲಿ ಉಳಿದದ್ದು ಅಷ್ಟೇ. ಮರುದಿನ ಮತ್ತೆ ಹೋಗಬೇಕಾಯಿತು. ಅವಳು ಏಳುವ ಮೊದಲೇ ಅತ್ತೆ ಬುಟ್ಟಿ ಹಿಡಿದು ಬಾಗಿಲಲ್ಲಿ ಕೂತಿದ್ದರು.

ಹುಬ್ಬಳ್ಳಿಗೆ ಹೋಗಿಬಂದ ನೋಟ್‌ಬುಕ್

ನನ್ನ ತವರು ಅಂಕೋಲೆ. ಪ್ರತಿ ಶನಿವಾರ ಹುಡುಗಿ ಅಲ್ಲಿಯ ದಂಡೆಯಲ್ಲಿ ಏಡಿ ಎಣಿಸಿ, ನನ್ನ ಅಣ್ಣನ ಮನೆಯಲ್ಲಿ ಉಂಡು ಬರುತ್ತಿದ್ದಳು. ಏಪ್ರಿಲ್‌ನ ಒಂದು ಶನಿವಾರ ಹುಬ್ಬಳ್ಳಿ ಬಸ್ಸಿನಿಂದ ಅಂಕೋಲೆಯಲ್ಲಿ ಇಳಿದಳು, ನೋಟ್‌ಬುಕ್ ಬಸ್ಸಿನಲ್ಲೇ ಉಳಿಯಿತು. ಮೂರು ತಿಂಗಳ ಲೆಕ್ಕ, ಚಿತ್ರ ಎಲ್ಲ ಅದರಲ್ಲೇ. ಅಣ್ಣನ ಮನೆಯ ಜಗಲಿಯಲ್ಲಿ ಕೂತು ಅಳತೊಡಗಿದಳು. "ನನ್ನ ಸೆಮಿಸ್ಟರ್ ಮುಗೀತು. ನಾನು ಬರಿಗೈಯಲ್ಲಿ ಊರಿಗೆ ಹೋಗ್ಬೇಕು."

ಅಣ್ಣ ಬಸ್‌ಸ್ಟ್ಯಾಂಡಿಗೆ ಓಡಿದ. ಅಲ್ಲಿಯ ಕಂಟ್ರೋಲರ್ ಮುಂದಿನ ಸ್ಟ್ಯಾಂಡಿಗೆ ಫೋನು ಮಾಡಿದರು. ಕಂಡಕ್ಟರನ ಕೈಗೆ ನೋಟ್‌ಬುಕ್ ಸಿಕ್ಕಿತ್ತು. ಮೂರನೇ ದಿನ, ಪೇಪರಿನಲ್ಲಿ ಸುತ್ತಿ ಸುತಲಿ ಕಟ್ಟಿದ ಪೊಟ್ಟಣ ಅಂಕೋಲೆಗೆ ವಾಪಸು ಬಂತು.

ಬಿಚ್ಚಿ ನೋಡಿದರೆ ಒಂದು ಹಾಳೆಯೂ ಹರಿದಿರಲಿಲ್ಲ. ಆದರೆ ದಾರಿಯುದ್ದಕ್ಕೂ ಜನ ಓದಿದ್ದರು. ಒಂದು ಚಿತ್ರದ ಕೆಳಗೆ ಅವಳು ಬರೆದ ಕನ್ನಡ ಹೆಸರನ್ನು ಯಾರೋ ಕೆಂಪು ಪೆನ್ನಿನಲ್ಲಿ 'ಎಡಿ ಅಲ್ಲ, ಏಡಿ' ಅಂತ ತಿದ್ದಿದ್ದರು. ಇನ್ನೊಂದು ಚಿತ್ರದ ಪಕ್ಕ ಬೇರೆ ಅಕ್ಷರದಲ್ಲಿ 'ಇದು ಹುಣ್ಣಿಮೆ ಹತ್ತಿರ ಸಿಕ್ಕರೆ ಒಳಗೆ ಮಾಂಸ ಇರೋದಿಲ್ಲ' ಅಂತಿತ್ತು. ಅದರ ಕೆಳಗೆ ಮತ್ತೊಬ್ಬರು 'ಖರೇ' ಅಂತ ಸಹಿ ಹಾಕಿದ್ದರು. ಕೊನೆಯ ಪುಟದಲ್ಲಿ 'ಇದನ್ನು ರವೆ ಹಚ್ಚಿ ಹುರಿಯಬೇಕು.'

ಹುಡುಗಿ ಅತ್ತುಕೊಂಡೇ ನಕ್ಕಳು. ಎಲ್ಲ ಪುಟದ ಫೋಟೋ ತೆಗೆದು, ಏನು ಬರೆದಿದೆಯೆಂದು ತನ್ನ ಭಾಷೆಯಲ್ಲಿ ಸೇರಿಸಿ, ಜರ್ಮನಿಯ ಪ್ರಾಧ್ಯಾಪಕರಿಗೆ ಕಳಿಸಿದಳು. ಅವರು ಉತ್ತರ ಬರೆದರಂತೆ: 'ನಿನ್ನ ಸಹಾಯಕರು ಬಹಳ ಅನುಭವಸ್ಥರು. ವರದಿಯಲ್ಲಿ ಅವರಿಗೆ ಕೃತಜ್ಞತೆ ಹೇಳಬೇಕು. ಅವರು ಯಾವ ಸಂಸ್ಥೆಯವರು?'

ಅವಳು ನಿಜವನ್ನೇ ಬರೆದಳು: 'ಕಾರವಾರ–ಹುಬ್ಬಳ್ಳಿ ಬಸ್ಸಿನವರು.'

ಇಬ್ಬರು ತಾಯಂದಿರು

ಮೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಹೋಗಲು ಅವಳ ತಾಯಿ ಬಂದರು. ಅತ್ತೆ ಅಂಕೋಲೆಯ ಕರಿ ಇಶಾಡು ಮಾವು ಹೆಚ್ಚಿ ಕೊಟ್ಟು ಎದುರಿಗೆ ಕೂತರು. ಒಬ್ಬರಿಗೆ ಜರ್ಮನ್, ಒಬ್ಬರಿಗೆ ಕೊಂಕಣಿ. ನಡುವೆ ದುಭಾಷಿಯಾಗಿ ಹುಡುಗಿ.

ಅತ್ತೆ ಶುರುಮಾಡಿದರು. "ನಿಮ್ಮ ಮಗಳು ಎದ್ದ ಹಾಸಿಗೆ ಮಡಚೋದಿಲ್ಲ. ತಲೆ ಒರೆಸಿಕೊಳ್ಳೋದಿಲ್ಲ. ಕರೆದ್ರೆ, ಬಂದೆ ಬಂದೆ ಅಂತ ಅರ್ಧ ತಾಸು."

ಹುಡುಗಿ ಅದನ್ನು ಜರ್ಮನಿನಲ್ಲಿ ಹೇಳಿದಳು. ತಾಯಿ ಕೈಮುಗಿದು ನಕ್ಕರು. ಬೈಗುಳವನ್ನು ಹೊಗಳಿಕೆ ಮಾಡಿ ಹೇಳಿದ್ದಾಳೆ ಅಂತ ನನಗೆ ಗೊತ್ತಾಯಿತು.

ಆಮೇಲೆ ತಾಯಿ ಮಗಳ ಕಡೆ ಬೆರಳು ತೋರಿಸುತ್ತ ಉದ್ದಕ್ಕೆ ಏನೋ ಹೇಳಿದರು.

"ನಿಮ್ಮ ಊರು ಚಂದ ಅದೆ ಅಂತಾಳೆ" ಅಂದಳು ಹುಡುಗಿ.

"ಅಷ್ಟುದ್ದ?" ಅಂದರು ಅತ್ತೆ.

ಅತ್ತೆ ಎದ್ದರು. ತಾಯಿಯ ಕೈ ಹಿಡಿದು ಸೀದಾ ಹುಡುಗಿಯ ಕೋಣೆಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಒದ್ದೆ ಟವೆಲ್ಲು. ಅತ್ತೆ ಅದನ್ನು ತೋರಿಸಿದರು. ತಾಯಿ ಹಣೆ ಬಡಿದುಕೊಂಡು, ಮೇಜಿನ ಕೆಳಗಿದ್ದ ಮೂರು ಚಾ ಲೋಟ ತೋರಿಸಿದರು. ಅತ್ತೆ ಕಿಟಕಿಯ ಮೇಲಿದ್ದ ಒಂಟಿ ಕಾಲುಚೀಲ ತೋರಿಸಿದರು. ಆಮೇಲೆ ಇಬ್ಬರೂ ಚಾದರದ ಒಂದೊಂದು ತುದಿ ಹಿಡಿದು ಮಡಚುತ್ತ, ಅವರು ಜರ್ಮನಿನಲ್ಲಿ, ಇವರು ಕೊಂಕಣಿಯಲ್ಲಿ, ನಿಲ್ಲಿಸದೆ ಮಾತಾಡಿದರು. ಹುಡುಗಿ ಕೆಂಪಗಾಗಿ ಬಾಗಿಲಲ್ಲಿ ನಿಂತಿದ್ದಳು.

"ಏನಂತೆ?" ಅಂತ ಕೇಳಿದೆ.

"ಅಕ್ಕೋರೇ, ಇಬ್ಬರೂ ಒಂದೇ ಮಾತು ಹೇಳ್ತಿದ್ದಾರೆ."

ಚಾದರ ಮಡಚಿಟ್ಟು ತಾಯಿ ಅತ್ತೆಯ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು. ನಿಧಾನವಾಗಿ ಏನೋ ಹೇಳಿದರು. ಈ ಸಲ ಹುಡುಗಿ ಸರಿಯಾಗಿಯೇ ಹೇಳಿದಳು, ತಡವರಿಸುತ್ತ: "ಇವಳಿಗೆ ಇಷ್ಟು ಬೈಯೋರು ಇಲ್ಲಿ ಒಬ್ಬರು ಇದ್ದಾರೆ ಅಂತ ಗೊತ್ತಿದ್ದಿದ್ರೆ, ನಾಲ್ಕು ತಿಂಗಳು ನಾನು ಅಲ್ಲಿ ಚಿಂತೆ ಮಾಡ್ತಿರಲಿಲ್ಲ ಅಂತಾಳೆ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗುವುದರಲ್ಲಿತ್ತು. ಅಷ್ಟರಲ್ಲಿ ಅತ್ತೆ ಹುಡುಗಿಯ ಕಡೆ ತಿರುಗಿದರು.

"ನಿನ್ನ ತಾಯಿಗೆ ಹೇಳು ಮಗಾ. ನಾನು ಅರ್ಧ ಮಾತ್ರ ಬೈದಿದ್ದೇನೆ, ಉಳಿದರ್ಧ ಊರಿಗೆ ಹೋದ ಮೇಲೆ ಅವರು ಬೈಲಿ."

ಹುಡುಗಿ ಅದನ್ನು ಜರ್ಮನಿನಲ್ಲಿ ಹೇಳಲೇ ಇಲ್ಲ. ಅವಳ ತಾಯಿ ಮಾತ್ರ ಆಗಲೇ ಹ್ಞೂಂ ಹ್ಞೂಂ ಅಂತ ತಲೆಯಾಡಿಸುತ್ತಿದ್ದರು.