ಗಾಯಕ್ಕೆ ನೀರು ತಾಗಿಸಬೇಡಿ

ಕಡಲ ಮೀನನ್ನು ಬಯಲುಸೀಮೆಯಲ್ಲಿ ಸಾಕುವವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಬೇರೆ ಯಾರೂ ಸಾಕದೇ ಇದ್ದುದರಿಂದ ಎಲ್ಲವೂ ನನ್ನ ಮನೆಯಲ್ಲೇ ನಡೆದವು.

ನಾನು ಹೊನ್ನಾವರದ ಕಡಲ ದಂಡೆಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ದೋಣಿ ಇಟ್ಟುಕೊಂಡಿದ್ದ ಅಪ್ಪನಿಗೆ ಮಗಳು ಕಡಲಿಲ್ಲದ ಊರಿಗೆ ಹೋಗುವುದು ಸುತರಾಂ ಇಷ್ಟವಿರಲಿಲ್ಲ. ಆದರೂ ಬೇಡ ಎನ್ನಲಿಲ್ಲ. ಬಂಡೆಗಳ ನಡುವಿನ ಹೊಂಡದಿಂದ ಅಂಗೈ ಉದ್ದದ ಮೀನೊಂದನ್ನು ಹಿಡಿದ. ಹಳದಿ ಮೈ, ಐದು ಕಪ್ಪು ಪಟ್ಟೆ. ಅದನ್ನು ಕ್ಯಾನಿಗೆ ಬಿಟ್ಟು ನನ್ನ ಕೈಗೆ ಕೊಟ್ಟ.

"ಮಗಾ, ಅಲ್ಲಿ ಇದು ಬದುಕಿದ್ರೆ ನೀನೂ ಬದುಕ್ತೆ. ಇದು ಸತ್ತ ದಿನ ಕೆಲಸ ಬಿಟ್ಟು ಸೀದಾ ಮನೆಗೆ ಬಾ."

ಹೂಂ ಎಂದೆ. ಹೀಗೆ ನನ್ನ ಸರ್ಕಾರಿ ನೌಕರಿ ಒಂದು ಮೀನಿನ ಆರೋಗ್ಯದ ಮೇಲೆ ನಿಂತಿತು. ತಿಂಗಳಿಗೊಮ್ಮೆ ನನ್ನ ತಮ್ಮ ಬಸ್ಸಿನಲ್ಲಿ ಎರಡು ಕ್ಯಾನ್ ಕಡಲ ನೀರು ತರುತ್ತಿದ್ದ. ಹೋಗುವಾಗ ಮೀನು ಇದೆಯೋ ಇಲ್ಲವೋ ಎಂಬ ಸುದ್ದಿ ಒಯ್ಯುತ್ತಿದ್ದ.

ಚನ್ನಗಿರಿ: ಮೊದಲ ಚಿಕಿತ್ಸೆ

ಬಸ್ಸಿನ ಕುಲುಕಾಟಕ್ಕೆ ಮೀನಿನ ಪಕ್ಕೆ ಕ್ಯಾನಿಗೆ ಉಜ್ಜಿ ನಾಲ್ಕಾರು ಹುರುಪೆ ಹಾರಿಹೋಗಿದ್ದವು. ಒಳಗಿನ ಮಾಂಸ ಕೆಂಪಗೆ ಕಾಣುತ್ತಿತ್ತು. ಬಂದ ಎರಡನೇ ದಿನವೇ ವಾಪಸ್ ಹೋಗಬೇಕಾದೀತು ಎಂದು ಹೆದರಿ, ಮೀನನ್ನು ಗಾಜಿನ ಭರಣಿಯಲ್ಲಿಟ್ಟುಕೊಂಡು ದನದ ಆಸ್ಪತ್ರೆಗೆ ಓಡಿದೆ.

ಕಾಂಪೌಂಡರು ಚೀಟಿ ತೆಗೆದರು. ಅದರಲ್ಲಿದ್ದ ಪ್ರಶ್ನೆಗಳನ್ನು ಒಂದೂ ಬಿಡದೆ ಕೇಳುವುದು ಅವರ ಪದ್ಧತಿ.

"ಹಾಲು ಎಷ್ಟು ಕೊಡ್ತೈತ್ರಿ?"

"ಕೊಡಲ್ಲ."

"ಮೇವು ತಿಂತೈತಾ?"

"ಸ್ವಲ್ಪ."

"ಮೆಲುಕು ಹಾಕ್ತೈತಾ?"

"ಇಲ್ಲ."

ಅವರು ಪೆನ್ನು ಕೆಳಗಿಟ್ಟು ಗಂಭೀರವಾದರು. "ಎಷ್ಟು ದಿನದಿಂದ ಹಾಕ್ತಿಲ್ಲ?"

ಡಾಕ್ಟರು ಒಳ್ಳೆಯವರು. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿಸಿ, ಹತ್ತಿಯಿಂದ ಗಾಯಕ್ಕೆ ನೇರಳೆ ಔಷಧಿ ಮುಟ್ಟಿಸಿ, ಒಂದೇ ಉಸಿರಿನಲ್ಲಿ ನೀರಿಗೆ ಬಿಟ್ಟರು. ನಾನು ಕೈಮುಗಿದು ಹೊರಟಾಗ ಎಲ್ಲ ರೋಗಿಗಳಿಗೂ ಹೇಳುವ ಮಾತನ್ನು ನನಗೂ ಹೇಳಿದರು.

"ಮೂರು ದಿನ ಗಾಯಕ್ಕೆ ನೀರು ತಾಗಿಸಬೇಡ್ರಿ."

ಹೊನ್ನಾಳಿ: ತನಿಖೆ

ಹೊನ್ನಾಳಿಗೆ ವರ್ಗವಾದ ಮೇಲೆ ಮೀನಿಗೊಂದು ಗಾಜಿನ ತೊಟ್ಟಿ ಮಾಡಿಸಿದೆ. ಒಂದು ಬೆಳಿಗ್ಗೆ ನೋಡಿದರೆ ಮೀನಿನ ಬಾಲದಲ್ಲಿ ಅರ್ಧಚಂದ್ರದಷ್ಟು ತುಂಡು ಇಲ್ಲ.

ಪಕ್ಕದ ಮನೆಯಲ್ಲಿ ಪೊಲೀಸ್ ಕೆಲಸದಿಂದ ನಿವೃತ್ತರಾದ ದಫೇದಾರರಿದ್ದರು. ಕೇಸಿಲ್ಲದೆ ಸೊರಗಿದ್ದರು. ವಿಷಯ ಕೇಳಿದ್ದೇ ಟೋಪಿ ಹಾಕಿಕೊಂಡು ಬಂದರು.

"ಟೀಚರಮ್ಮ, ತೊಟ್ಟೀಲಿ ಮೀನು ಒಂದೇ ಐತೆ. ತನ್ನ ಬಾಲ ತಾನೇ ಕಚ್ಚಿಕೊಳ್ಳಾಕೆ ಆಗಲ್ಲ. ಇದು ಹೊರಗಿನವರ ಕೈವಾಡ."

ಎದುರುಮನೆಯ ಬೆಕ್ಕನ್ನು ಹಿಡಿದು ತಮ್ಮ ಜಗಲಿಯ ಕಂಬಕ್ಕೆ ಕಟ್ಟಿದರು. ಬೆಕ್ಕಿನ ಉಗುರಾದರೆ ಸೀಳು ಗೆರೆ ಬೀಳಬೇಕು, ಇದು ಕತ್ತರಿಯಲ್ಲಿ ಕತ್ತರಿಸಿದಂತಿದೆ ಎಂದು ನಾನೆಂದೆ. "ವಿಚಾರಣೆ ಆಗ್ಲಿ ತಡೀರಿ" ಎಂದರು. ಬಂಧಿಯನ್ನು ಉಪವಾಸ ಕೆಡವಬಾರದೆಂದು ದಫೇದಾರರ ಹೆಂಡತಿ ಮೂರು ಹೊತ್ತು ಹಾಲು ಕೊಟ್ಟರು.

ಮರುದಿನ ಬಾಲದಲ್ಲಿ ಇನ್ನೊಂದು ಅರ್ಧಚಂದ್ರ. ಬೆಕ್ಕು ಕಂಬದಲ್ಲೇ ಇತ್ತು. ತೊಟ್ಟಿಯ ಕಲ್ಲನ್ನು ಎತ್ತಿ ಕೊಡವಿದೆ. ಅದರ ತೂತಿನಿಂದ ನಿಂಬೆಕಾಯಿ ಗಾತ್ರದ ಏಡಿ ಉದುರಿತು. ನನ್ನ ತಮ್ಮ ಊರಿಂದ ಕಲ್ಲು ತಂದಾಗ ಅದೂ ಟಿಕೆಟ್ಟಿಲ್ಲದೆ ಬಂದಿತ್ತು.

"ಒಳಗಿನವರದೇ ಕೆಲಸ" ಎಂದರು ದಫೇದಾರರು. "ನನ್ನ ಸರ್ವೀಸಿನಾಗೂ ಯಾವಾಗ್ಲೂ ಹಿಂಗೇ."

ಬಾಲಕ್ಕೆ ಔಷಧಿ ಬೇಕಾಗಲಿಲ್ಲ. ಶುದ್ಧ ಕಡಲ ನೀರು ಹಾಕುತ್ತ ಬಂದರೆ ತಾನೇ ಬೆಳೆಯುತ್ತದೆ, ಬೆಳೆಯಿತು. ಬೆಕ್ಕನ್ನು ಗೌರವದಿಂದ ಬಿಡುಗಡೆ ಮಾಡಲಾಯಿತು. ಮರುದಿನ ಬೆಳಿಗ್ಗೆ ಹಾಲಿನ ಹೊತ್ತಿಗೆ ಅದು ತಾನಾಗಿಯೇ ಬಂದು ಅದೇ ಕಂಬದ ಬುಡದಲ್ಲಿ ಹಾಜರಾಯಿತು.

ನ್ಯಾಮತಿ: ಎದುರಾಳಿ

ನ್ಯಾಮತಿಯಲ್ಲಿ ಬಾಡಿಗೆ ಮನೆ ಚಿಕ್ಕದು. ತೊಟ್ಟಿಯನ್ನು ಶಾಲೆಯ ಸ್ಟಾಫ್ ರೂಮಿನಲ್ಲಿಟ್ಟೆ. ಒಂದು ಚಳಿಗಾಲ ಮೀನಿನ ಮೂತಿ ದಿನಾ ಜಜ್ಜಿಹೋಗತೊಡಗಿತು. ಭಾನುವಾರ ಒಂಚೂರು ಮಾಯುತ್ತಿತ್ತು, ಸೋಮವಾರ ಮತ್ತೆ ಗಾಯ.

ಕಾದು ಕೂತು ನೋಡಿದೆ. ಹತ್ತೂಕಾಲಿಗೆ ಹೆಡ್‌ಮಾಸ್ತರು ಹಾಜರಿ ಪುಸ್ತಕ ನೋಡಲು ಬಂದು ತೊಟ್ಟಿಯ ಮುಂದೆ ನಿಲ್ಲುತ್ತಿದ್ದರು. ಮೀನು ದೂರದಿಂದ ಓಡಿಬಂದು ಗಾಜಿಗೆ ಢಿಕ್ಕಿ ಹೊಡೆಯುತ್ತಿತ್ತು. ಹಿಂದೆ ಸರಿದು ಮತ್ತೆ ಹೊಡೆಯುತ್ತಿತ್ತು. ಅವರು ಹೆಂಡತಿ ಹೆಣೆದುಕೊಟ್ಟ ಸ್ವೆಟರ್ ಹಾಕಿದ್ದರು. ಹಳದಿ ಮೈ, ಕಪ್ಪು ಪಟ್ಟೆ.

ಎರಡು ದಿನ ಯೋಚಿಸಿ ಹೇಳಿದೆ. "ಸಾರ್, ಈ ರೂಮಿಗೆ ಬರುವಾಗ ಸ್ವೆಟರ್ ಬಿಚ್ಚಿ ಬರಬೇಕು."

"ಯಾಕ್ರೀ?"

"ತನ್ನ ಜಾಗಕ್ಕೆ ಬೇರೆ ಗಂಡು ಬಂದರೆ ಈ ಜಾತಿಯ ಮೀನು ಸಹಿಸಲ್ಲ, ಸಾರ್."

ಅವರು ಸ್ವೆಟರ್ ಬಿಚ್ಚಿ ಮಡಚಿದರು. ಮೂತಿ ವಾರದಲ್ಲಿ ವಾಸಿಯಾಯಿತು. ಆದರೆ ವಿಷಯ ಮನೆಗೂ ಮುಟ್ಟಿತ್ತು. ಅವರ ಹೆಂಡತಿ ಮೀನು ನೋಡಲೆಂದೇ ಶಾಲೆಗೆ ಬಂದರು. ತೊಟ್ಟಿಯ ಮುಂದೆ ನಿಂತು ಮೆಚ್ಚಿಗೆಯಿಂದ ತಲೆಯಾಡಿಸಿದರು.

"ನಮ್ಮ ಯಜಮಾನರನ್ನ ಗಂಡಸು ಅಂತ ಲೆಕ್ಕಕ್ಕೆ ಹಿಡಿದದ್ದು ನಿನ್ನ ಮೀನೊಂದೇ ನೋಡಮ್ಮ."

ಜಗಳೂರು: ತಜ್ಞರು

ಜಗಳೂರಿನಲ್ಲೂ ತೊಟ್ಟಿ ಶಾಲೆಯಲ್ಲೇ ಇತ್ತು. ಅಲ್ಲಿ ಮೀನು ನಿಜವಾಗಿಯೂ ಸಾಯಲು ಹೊರಟಿತು. ಮೈಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಎರಡೂ ಪಕ್ಕೆ ಹಸಿ ಹುಣ್ಣು. ಕಲ್ಲು ಚೂಪೆಂದು ತೆಗೆದೆ, ಗಾಜಿಗೆ ಉಜ್ಜಿತು. ಮೈಮೇಲೆ ಹುಳಹುಪ್ಪಟೆ ಏನೂ ಕಾಣದು. ತಿನ್ನುವುದನ್ನೂ ಬಿಟ್ಟಿತು. ಅದೇ ವಾರ ಅಪ್ಪನ ಕಾಗದ ಬಂತು: "ಶನಿವಾರ ನಾನೇ ಬಂದು ಮೀನು ನೋಡುತ್ತೇನೆ."

ನಾನು ಅಟ್ಟದಿಂದ ಟ್ರಂಕು ಇಳಿಸಿದೆ.

ನಮ್ಮ ಶಾಲೆಯ ಜವಾನರು ಸೊಕ್ಕೆ ಎಂಬ ಹಳ್ಳಿಯವರು, ವಯಸ್ಸಾದವರು. ಇರುವೆಯನ್ನೂ ದಾಟಿ ನಡೆಯುವ ಜೀವ. ಮೀನಿನ ಹುಣ್ಣನ್ನು ವಾರವಿಡೀ ನೋಡಿ ಸಂಕಟಪಟ್ಟಿದ್ದರು. ಶನಿವಾರ ಬೆಳಿಗ್ಗೆ ನಾನು ಶಾಲೆಗೆ ಹೋದರೆ ತೊಟ್ಟಿಯಲ್ಲಿ ಬರೀ ನೀರು. ಮೀನು ಬೋಗುಣಿಯಲ್ಲಿತ್ತು. ಪಕ್ಕದಲ್ಲಿ ಅವರು ಮೈಲಿ ನಡೆದು ತಂದ ಕುಡಿಯುವ ನೀರಿನ ಕೊಡ.

"ಅಯ್ಯೋ, ಏನ್ ಮಾಡಿದ್ರಿ!"

"ನೀವು ಏನ್ ಮಾಡೀರಿ ಅದನ್ನ ಹೇಳ್ರಿ ಟೀಚರಮ್ಮ. ಮೈಯೆಲ್ಲ ಹುಣ್ಣಾದ ಜೀವಾನ ಉಪ್ಪುನೀರಾಗೆ ಇಟ್ಟೀರಲ್ಲ, ಓದಿದೋರು! ಎಷ್ಟು ಉರಿದೈತೋ ಪಾಪ. ಈಗ ತಾನೇ ಸಿಹಿನೀರಿಗೆ ಬಿಟ್ಟೆ. ನೋಡ್ರಿ, ಆರಾಮಾಗಿ ಮಲಗೈತೆ."

ಮೀನು ಪಕ್ಕಕ್ಕೆ ವಾಲಿತ್ತು. ಬೊಗಸೆಯಲ್ಲಿ ಎತ್ತಿ ತೊಟ್ಟಿಯ ಉಪ್ಪುನೀರಿಗೆ ಹಾಕಿದೆ. ಅಷ್ಟೂ ಮಾತು ಕೇಳಿಸಿಕೊಂಡು ಬಾಗಿಲಲ್ಲಿ ಅಪ್ಪ ನಿಂತಿದ್ದ.

ಮೀನು ಒಮ್ಮೆ ಮೈ ಕೊಡವಿಕೊಂಡಿತು. ನೆಟ್ಟಗಾಯಿತು. ತೊಟ್ಟಿಗೆ ಒಂದು ಸುತ್ತು ಹಾಕಿ, ಮೂರು ದಿನದಿಂದ ಮುಟ್ಟದಿದ್ದ ಸಿಗಡಿ ಪುಡಿಗೆ ಬಾಯಿ ಹಾಕಿತು. ಅಪ್ಪ ಅದನ್ನು ನೋಡಲಿಲ್ಲ, ಬೋಗುಣಿ ನೋಡುತ್ತಿದ್ದ. ಅದರ ತಳದಲ್ಲಿ ಎಳ್ಳಿನಂಥ ಬಿಳಿ ಹುಳಗಳು ಉದುರಿಬಿದ್ದಿದ್ದವು. ಮೈಗೆ ಅಂಟಿದ್ದಾಗ ಗಾಜಿನಂತೆ ಪಾರದರ್ಶಕವಾಗಿದ್ದು ಕಣ್ಣಿಗೆ ಬೀಳದಿದ್ದವು, ಸಿಹಿನೀರಿಗೆ ಬಿಳುಚಿ ಕಳಚಿಕೊಂಡಿದ್ದವು.

"ದೋಣಿ ಹಲಗೆಗೆ ಹುಳ ಹತ್ತಿದ್ರೆ ನಾವೂ ಹೊಳೆಯ ಸಿಹಿನೀರಿಗೆ ತಂದು ನಿಲ್ಸೂದು" ಎಂದ ಅಪ್ಪ ಮೆಲ್ಲಗೆ. "ಮೀನಿಗೂ ಹಂಗೇ ಅಂತ ನಂಗೆ ಹೊಳೀಲಿಲ್ಲ. ಇವರಿಗೆ ಯಾರು ಕಲ್ಸದ್ದು?"

"ಇದಕ್ಕೆ ಕಲಿಸಾಕೆ ಬೇಕೇನ್ರೀ?" ಎಂದರು ಜವಾನರು. "ನಮ್ಮ ಸೊಕ್ಕೇಲಿ ಯಾರನ್ನ ಕೇಳಿದ್ರೂ ಹೇಳ್ತಾರೆ."

ಅಪ್ಪನಿಗೆ ಗೌರವ ಹೆಚ್ಚಿತು. "ನಿಮ್ಮೂರಲ್ಲಿ ಮೀನು ಜಾಸ್ತಿಯಾ?"

"ಮೀನೆಲ್ಲಿಂದ ಬರಬೇಕ್ರೀ, ನೀರೇ ಇಲ್ಲ."

ಅಪ್ಪ ಮನೆಗೆ ಬಂದವನೇ ಟ್ರಂಕನ್ನು ತಾನೇ ಅಟ್ಟಕ್ಕೆ ಏರಿಸಿ, ಸಂಜೆ ಬಸ್ಸಿಗೆ ಹೋದ. ನಾನು ಇವತ್ತಿಗೂ ಜಗಳೂರಿನಲ್ಲೇ ಇದ್ದೇನೆ.

ಮುಂದಿನ ತಿಂಗಳು ನನ್ನ ತಮ್ಮ ಎರಡು ಕ್ಯಾನ್ ನೀರಿನ ಜೊತೆ ಒಂದು ಭರಣಿಯನ್ನೂ ತಂದ. ಅದರೊಳಗೆ ಪಕ್ಕೆ ಉಜ್ಜಿಹೋದ ಬೇರೊಂದು ಮೀನು.

"ಅಪ್ಪ ಕಳ್ಸದ್ದು" ಎಂದ. "ನಿಮ್ಮ ಜವಾನರಿಗೆ ತೋರಿಸ್ಬೇಕಂತೆ."