ಶನಿವಾರದ ಬುತ್ತಿಯಲ್ಲಿ ಹಿಂಡಿ ಸವಿಯುವ ಕ್ರಮದ ಕುರಿತು

ಬುತ್ತಿ ಸಮದೃಷ್ಟಿ ಇಲಾಖೆ
ಸಂಖ್ಯೆ: ಬುಸಇ/ಹಿಂಡಿ/ಖಾರ-2/2024-25

ವಿಷಯ: ಶಿಕ್ಷಕರು ಮಕ್ಕಳ ಡಬ್ಬಿಯಿಂದ ಹಿಂಡಿ (ಚಟ್ನಿಪುಡಿ) ಸವಿಯುವಾಗ ಪಾಲಿಸಬೇಕಾದ ನಿಷ್ಪಕ್ಷಪಾತತೆ ಹಾಗೂ ತತ್ಸಂಬಂಧವಾಗಿ ಮಕ್ಕಳ ಮನಸ್ಸಿನ ಭದ್ರತೆ.

ಉಲ್ಲೇಖ: ಆರನೆಯ ತರಗತಿಯ ಕು. ಪಲ್ಲವಿಯ ಮೌನ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಸಮಸ್ತ ಶಿಕ್ಷಕರಿಗೆ ತಿಳಿಯಪಡಿಸುವುದೇನೆಂದರೆ, ಶನಿವಾರದ ಬೆಳಗಿನ ಶಾಲೆಯ ಬಿಡುವಿನಲ್ಲಿ ಮಕ್ಕಳ ಡಬ್ಬಿಯಿಂದ ಚಿಟಿಕೆ ಶೇಂಗಾ ಹಿಂಡಿ ಎತ್ತಿ ಬಾಯಿಗೆ ಹಾಕಿಕೊಂಡು "ಭಾರಿ ಆಗೇತಿ" ಎನ್ನುವ ರೂಢಿಗೆ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ. ಆದರೆ ಒಂದು ಶಾಲೆಯಲ್ಲಿ ಶ್ರೀ ಬಸಂತರಾಯ ಮಾಸ್ತರರ ಕೈಯು ಗೌಡರ, ಸಾವಕಾರರ ಮಕ್ಕಳ ಡಬ್ಬಿಗಳಲ್ಲಿ ಧಾರಾಳವಾಗಿ ಇಳಿದು, ಪಲ್ಲವಿಯ ಡಬ್ಬಿಯ ಬಳಿ ಬಂದೊಡನೆ ಕಿಸೆ ಸೇರುತ್ತಿದ್ದುದು ಗಮನಕ್ಕೆ ಬಂದಿರುತ್ತದೆ.

ವಿಚಾರಿಸಲಾಗಿ, "ನನಗ ಅಸಿಡಿಟಿ ಐತ್ರಿ, ಖಾರ ನಡ್ಯಾಂಗಿಲ್ಲ" ಎಂದು ತರಗತಿಯಲ್ಲಿ ಹೇಳುತ್ತಿದ್ದುದನ್ನೇ ಮಾಸ್ತರರು ಹೇಳಿಕೆಯಾಗಿ ನೀಡಿರುತ್ತಾರೆ. ಇದನ್ನು ನಂಬಿದ ಏಕೈಕ ವ್ಯಕ್ತಿ ಪಲ್ಲವಿ. "ಯವ್ವಾ, ಸರ್‌ಗೆ ಖಾರ ಆಗೂದಿಲ್ಲಂತ, ಕಡಿಮಿ ಹಾಕ" ಎಂದು ತಾಯಿ ಮರೆವ್ವಳನ್ನು ಕಾಡಿ, ವಾರದಿಂದ ವಾರಕ್ಕೆ ಮೆಣಸಿನಪುಡಿ ಇಳಿಸಿ, ಕಡೆಗೆ ಬರಿಯ ಶೇಂಗಾ ಪುಡಿಯನ್ನೇ ತಂದಿರುತ್ತಾಳೆ. ಮಾಸ್ತರರ ಕೈ ಆಗಲೂ ಕಿಸೆಯಲ್ಲೇ ಇದ್ದುದರಿಂದ, ಗಣಿತದಲ್ಲಿ ತಿಳಿಯದ್ದನ್ನು ಕೇಳುವುದನ್ನೂ ಆಕೆ ನಿಲ್ಲಿಸಿರುತ್ತಾಳೆ.

ಆದ್ದರಿಂದ ಈ ಕೆಳಗಿನಂತೆ ವಿಧಿಸಲಾಗಿದೆ:

1. ಸವಿದರೆ ಎಲ್ಲರ ಹಿಂಡಿಯನ್ನೂ ಸವಿಯತಕ್ಕದ್ದು. ಇಲ್ಲವಾದಲ್ಲಿ ತಮ್ಮದನ್ನು ಮನೆಯಿಂದ ತರತಕ್ಕದ್ದು.

2. ಚಿಟಿಕೆ ಎಂದರೆ ಎರಡು ಬೆರಳು. ಮೂರನೆಯ ಬೆರಳನ್ನು ತೊಡಗಿಸುವವರು ಮುಖ್ಯೋಪಾಧ್ಯಾಯರ ಪೂರ್ವಾನುಮತಿ ಪಡೆಯತಕ್ಕದ್ದು.

3. "ಭಾರಿ ಆಗೇತಿ" ಎಂಬುದನ್ನು ಎಲ್ಲ ಡಬ್ಬಿಗಳಿಗೂ ಒಂದೇ ಧ್ವನಿಯಲ್ಲಿ ಹೇಳತಕ್ಕದ್ದು. ಬರಿದೆ ತಲೆಯಾಡಿಸುವುದನ್ನು ಪ್ರಶಂಸೆಯೆಂದು ಪರಿಗಣಿಸಲಾಗುವುದಿಲ್ಲ.

4. ಅಸಿಡಿಟಿಯು ಡಬ್ಬಿಯಿಂದ ಡಬ್ಬಿಗೆ ಬದಲಾಗುವಂತಿಲ್ಲ. ಬದಲಾಗುತ್ತಿದ್ದಲ್ಲಿ, ಅದು ಯಾವ ಓಣಿಯ ಹಿಂಡಿಗೆ ಏಳುತ್ತದೆ, ಯಾವ ಓಣಿಯದಕ್ಕೆ ಏಳುವುದಿಲ್ಲ ಎಂಬುದನ್ನು ಊರಿನ ನಕ್ಷೆಯಲ್ಲಿ ಗುರುತಿಸಿ, ವೈದ್ಯರ ಸಹಿಯೊಂದಿಗೆ ಸಲ್ಲಿಸತಕ್ಕದ್ದು.

5. ಬಿಕ್ಕಳಿಕೆ ಬಂದಲ್ಲಿ, ಯಾರ ಹಿಂಡಿಯಿಂದ ಬಂದಿತೋ ಅದೇ ಮಗುವಿನ ಬಾಟಲಿಯ ನೀರನ್ನೇ ಕುಡಿಯತಕ್ಕದ್ದು.

ಸಹಿ/-
ಅಧೀಕ್ಷಕರು (ಹಿಂಡಿ ಮತ್ತು ಉಪ್ಪಿನಕಾಯಿ)

ಪ್ರತಿಗಳು:
1. ಬಸಂತರಾಯ ಮಾಸ್ತರರಿಗೆ: ಬರುವ ಶನಿವಾರ ಸ್ವಂತ ನೀರಿನ ಬಾಟಲಿ ಇಲ್ಲದೆ ಹಾಜರಾಗಲು.
2. ಮುಂದಿನ ಸಾಲಿನಲ್ಲಿ ಕೂರುವ ಗೌಡರ, ಸಾವಕಾರರ ಮಕ್ಕಳಿಗೆ: ಇನ್ನು ಡಬ್ಬಿಯಲ್ಲಿ ಹಿಂಡಿ ಉಳಿದಲ್ಲಿ ಇಲಾಖೆಯು ಹೊಣೆಯಲ್ಲ.
3. ಶ್ರೀಮತಿ ಮರೆವ್ವ ಅವರಿಗೆ: ಖಾರವನ್ನು ಮೊದಲಿನಷ್ಟೇ ಹಾಕುವುದು. ತನಿಖೆಯಲ್ಲಿ ಹಿಂಡಿಯು ನಿರ್ದೋಷಿಯೆಂದು ಕಂಡುಬಂದಿರುತ್ತದೆ.